ಟಿ ಕೋಶ ಗುರುತು ಕಲಿಯುವ ಬಗೆ



ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆಗೆ ನಿಮ್ಮಲ್ಲಿ ಹಲವರು ಹೋಗಿರುತ್ತೀರಿ. ಅಲ್ಲಿ ಮೂಟೆಯ ತಳದವರೆಗೆ ಯಾರೂ ಕೈಹಾಕಿ ನೋಡುವುದಿಲ್ಲ. ಮೇಲೆ ಸುರಿದಿಟ್ಟ ರಾಶಿಯಿಂದ ನಾಲ್ಕು ಕಾಯಿ ಬಿಡಿಸಿ, ಜೊಳ್ಳೋ ಗಟ್ಟಿಯೋ ಎಂದು ತೀರ್ಮಾನಿಸುತ್ತೇವೆ. ನಮ್ಮ ರಕ್ತದಲ್ಲಿ ಸಂಚರಿಸುವ ಟಿ ಕೋಶಗಳದೂ ಇದೇ ಕ್ರಮ. ದೇಹದ ಬಹುತೇಕ ಜೀವಕೋಶಗಳು ತಮ್ಮೊಳಗಿನ ಪ್ರೋಟೀನುಗಳ ಚೂರುಗಳನ್ನು ಹೊರಮೈಯ ಮೇಲೆ ಮಾದರಿಯಾಗಿ ಇಟ್ಟಿರುತ್ತವೆ. ಟಿ ಕೋಶ ಅದನ್ನು ಮುಟ್ಟಿ ನೋಡಿ ಮುಂದೆ ಸಾಗುತ್ತದೆ.

ಈ ವಿದ್ಯೆಯ ಮೊದಲ ಪಾಠ ನಡೆಯುವುದು ಎದೆಯೊಳಗೆ, ಹೃದಯದ ಮೇಲ್ಭಾಗದಲ್ಲಿರುವ ಥೈಮಸ್ ಗ್ರಂಥಿಯಲ್ಲಿ. ಆ ಗ್ರಂಥಿಯ ಮಹತ್ವವನ್ನು ೧೯೬೧ರಲ್ಲಿ ಜಾಕ್ ಮಿಲ್ಲರ್ ತೋರಿಸಿಕೊಟ್ಟರು. ಅಲ್ಲಿಯ ಪರೀಕ್ಷೆ ನಿಮ್ಮ ಪಿ.ಯು.ಸಿ.ಗಿಂತ ಕಠಿಣ, ನೂರಕ್ಕೆ ಐದು ಕೋಶಗಳು ತೇರ್ಗಡೆಯಾದರೆ ಹೆಚ್ಚು. ಮಾದರಿಯನ್ನು ಓದಲು ಬಾರದವು ಸಾಯುತ್ತವೆ. ಸ್ವಂತ ದೇಹದ ಚೂರನ್ನು ಕಂಡು ಉಗ್ರವಾಗಿ ಮೇಲೆರಗುವವೂ ಸಾಯುತ್ತವೆ.

ತೊಡಕಿರುವುದು ಇಲ್ಲಿಯೇ. ಕ್ಯಾನ್ಸರ್ ಕೋಶ ಹೊರಗಿನಿಂದ ಬಂದದ್ದಲ್ಲ, ಕೆಟ್ಟುಹೋದ ನಮ್ಮದೇ ಕೋಶ. ಅದರ ಜೀನುಗಳಲ್ಲಿ ಬದಲಾವಣೆಗಳಾಗಿ ಕೆಲವು ಪ್ರೋಟೀನುಗಳ ರೂಪ ಮಾತ್ರ ಚೂರು ಬೇರೆಯಾಗಿರುತ್ತದೆ. ಆ ವ್ಯತ್ಯಾಸವನ್ನು ಹಿಡಿಯಬಲ್ಲ ಟಿ ಕೋಶವಿದ್ದರೂ ಅದು ತಾನಾಗಿ ಯುದ್ಧಕ್ಕೆ ಹೊರಡದು. ಡೆಂಡ್ರಿಟಿಕ್ ಕೋಶವೆಂಬ ಇನ್ನೊಂದು ಕೋಶ ಗಡ್ಡೆಯಿಂದ ಚೂರುಗಳನ್ನು ಹೆಕ್ಕಿ, ದುಗ್ಧಗ್ರಂಥಿಗೆ ಒಯ್ದು ತೋರಿಸಬೇಕು. ಜೊತೆಗೆ 'ಇದು ಅಪಾಯ' ಎಂಬ ಎರಡನೆಯ ಸಂಕೇತವನ್ನೂ ಕೊಡಬೇಕು. ಎರಡೂ ಸಿಕ್ಕರೆ ಟಿ ಕೋಶ ಸಾವಿರಾರು ಪಟ್ಟು ವೃದ್ಧಿಯಾಗಿ ಗಡ್ಡೆಯತ್ತ ಹೊರಡುತ್ತದೆ. ಎರಡನೆಯದು ಸಿಗದಿದ್ದರೆ ಮಂಕಾಗಿ ಕೂತುಬಿಡುತ್ತದೆ.

ಗಡ್ಡೆಯೂ ಸುಮ್ಮನಿರುವುದಿಲ್ಲ. ಟಿ ಕೋಶದ ಮೈಮೇಲಿರುವ ತಡೆಗುಂಡಿಯನ್ನು ಒತ್ತಿ ಅದನ್ನು ನಿಲ್ಲಿಸುತ್ತದೆ. ಇಂಥ ತಡೆಗಳನ್ನು ಸಡಿಲಿಸುವ ದಾರಿ ತೋರಿದ್ದಕ್ಕೇ ಜೇಮ್ಸ್ ಆಲಿಸನ್ ಮತ್ತು ತಾಸುಕು ಹೊಂಜೊ ಅವರಿಗೆ ೨೦೧೮ರ ನೊಬೆಲ್ ಬಂದದ್ದು. ಕೆಲವು ಗಡ್ಡೆಗಳು ಇನ್ನೂ ಜಾಣ: ಮಾದರಿ ಇಡುವುದನ್ನೇ ನಿಲ್ಲಿಸಿಬಿಡುತ್ತವೆ!

ಆಗೇನು ಮಾಡುವುದು? ಮೂಟೆಯ ಹೊರಗಿನ ಮುದ್ರೆಯನ್ನೇ ಓದಲು ಕಲಿಸುವುದು. ಕಾರ್-ಟಿ ಚಿಕಿತ್ಸೆಯ ಹಂಚಿಕೆ ಇದು. ರೋಗಿಯ ರಕ್ತದಿಂದ ಟಿ ಕೋಶಗಳನ್ನು ಬೇರ್ಪಡಿಸಿ, ನಿರಪಾಯಗೊಳಿಸಿದ ವೈರಾಣುವಿನ ಮೂಲಕ ಹೊಸ ಗ್ರಾಹಕದ ಜೀನನ್ನು ಸೇರಿಸಿ, ಬೆಳೆಸಿ, ಅದೇ ರೋಗಿಗೆ ಮರಳಿ ಕೊಡುತ್ತಾರೆ. ಐಐಟಿ ಬಾಂಬೆ ಮತ್ತು ಟಾಟಾ ಸ್ಮಾರಕ ಆಸ್ಪತ್ರೆಯ ಶ್ರಮದಿಂದ ರೂಪುಗೊಂಡ ನೆಕ್ಸ್‌ಕಾರ್-೧೯ಕ್ಕೆ ೨೦೨೩ರ ಅಕ್ಟೋಬರಿನಲ್ಲಿ ನಮ್ಮ ದೇಶದಲ್ಲಿ ಮೊದಲ ಅನುಮತಿ ದೊರೆಯಿತು. ನಮ್ಮ ಬೆಂಗಳೂರಿನ ಇಮ್ಯುನೀಲ್ ಸಂಸ್ಥೆ ೨೦೨೫ರ ಜನವರಿಯಲ್ಲಿ ಕಾರ್ಟೆಮಿಯನ್ನು ಹೊರತಂದಿತು. ವೆಚ್ಚ ಹತ್ತಾರು ಲಕ್ಷ ರೂಪಾಯಿ. ವಿದೇಶಕ್ಕಿಂತ ಎಷ್ಟೋ ಅಗ್ಗ ನಿಜ, ಆದರೆ ಚಾಮರಾಜಪೇಟೆಯ ಗುಮಾಸ್ತರ ಮನೆಗೆ ಅದು ಅಗ್ಗವಲ್ಲ.

ಇವೆರಡೂ ಹುಡುಕುವುದು ರಕ್ತದ ಬಿ ಕೋಶಗಳ ಮೇಲಿರುವ ಸಿ.ಡಿ.೧೯ ಎಂಬ ಮುದ್ರೆಯನ್ನು. ಅದು ಆರೋಗ್ಯವಂತ ಬಿ ಕೋಶಗಳ ಮೇಲೂ ಇರುವುದರಿಂದ ಅವೂ ನಾಶವಾಗುತ್ತವೆ. ರೋಗಿಯನ್ನು ಸೋಂಕಿನಿಂದ ಕಾಪಾಡಬೇಕಾಗುತ್ತದೆ. ಶ್ವಾಸಕೋಶ, ಜಠರಗಳ ಗಟ್ಟಿ ಗಡ್ಡೆಗಳಲ್ಲಿ ಕೆಲಸ ಇಷ್ಟು ಸುಲಭವಾಗಿಲ್ಲ. ಅವುಗಳ ಮೇಲಿನ ಮುದ್ರೆ ಹಲವು ಸಲ ಒಳ್ಳೆಯ ಅಂಗಗಳ ಮೇಲೂ ಇರುತ್ತದೆ. ಬಿ ಕೋಶಗಳಿಲ್ಲದೆ ಔಷಧಿಯ ಆಸರೆಯಲ್ಲಿ ಬದುಕಬಹುದು, ಶ್ವಾಸಕೋಶವಿಲ್ಲದೆ ಆಗುವುದಿಲ್ಲ.