ಕಂಬವೋ, ಶಿಲುಬೆಯೋ?

(ದೀಪಾಂಜಲಿ ನಗರದ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ಕ್ರೈಸ್ತರೆಂದೊಡನೆ ಕಣ್ಣ ಮುಂದೆ ಮೂಡುವುದು ಶಿಲುಬೆ. ಆದರೆ ಶಿಲುಬೆಯನ್ನು ಧರಿಸದ, ಸಭಾಗೃಹದ ಮೇಲೆ ನಿಲ್ಲಿಸದ ಪಂಗಡವೊಂದಿದೆ. ಇಬ್ಬಿಬ್ಬರಾಗಿ ಮನೆ ಮನೆಗೆ ತೆರಳಿ ಬೋಧಿಸುವ ಯೆಹೋವನ ಸಾಕ್ಷಿಗಳು. ಭಾರತದಲ್ಲಿ ಅವರ ಶಾಖಾ ಕಚೇರಿ ಇರುವುದು ನಮ್ಮ ಬೆಂಗಳೂರಿನಲ್ಲೇ. ಯೇಸು ಪ್ರಾಣ ಬಿಟ್ಟದ್ದು ಅಡ್ಡತೊಲೆಯಿಲ್ಲದ ನೇರ ಕಂಬದ ಮೇಲೆ ಎಂಬುದು ಅವರ ನಂಬಿಕೆ. ಮೊದಲಿನಿಂದಲೂ ಅವರು ಹಾಗೆ ನಂಬಿದವರೇನಲ್ಲ. 1931ರವರೆಗೂ ಅವರ 'ವಾಚ್ ಟವರ್' ಪತ್ರಿಕೆಯ ಮುಖಪುಟದಲ್ಲಿ ಶಿಲುಬೆ ಮತ್ತು ಕಿರೀಟದ ಚಿಹ್ನೆಯಿತ್ತು. 1936ರಲ್ಲಿ ಅವರ ನಾಯಕ ರದರ್‌ಫರ್ಡ್ ತಮ್ಮ ಗ್ರಂಥವೊಂದರಲ್ಲಿ ಹೊಸ ನಿಲುವನ್ನು ಸಾರಿದರು.

ವಿವಾದದ ಬೇರಿರುವುದು 'ಸ್ಟಾವ್ರೋಸ್' ಎಂಬ ಗ್ರೀಕ್ ಪದದಲ್ಲಿ. ಹಳೆಯ ಗ್ರೀಕ್‌ನಲ್ಲಿ ಅದಕ್ಕೆ ನೆಟ್ಟ ಕಂಬ, ಗೂಟ ಎಂದೇ ಅರ್ಥ. ರೋಮನರ ಕಾಲಕ್ಕೆ ಆ ಅರ್ಥ ಹಿಗ್ಗಿತ್ತೆಂಬುದು ಇತರ ಕ್ರೈಸ್ತರ ಉತ್ತರ. ಬರ್ನಬನ ಹೆಸರಿನಲ್ಲಿರುವ ಪ್ರಾಚೀನ ಪತ್ರವು ಅದನ್ನು 'ಟಿ' ಅಕ್ಷರಕ್ಕೆ ಹೋಲಿಸುತ್ತದೆ. ಯೋಹಾನನ ಸುವಾರ್ತೆಯು ಕೈಗಳಲ್ಲಿನ ಗಾಯದ ಪ್ರಸ್ತಾಪದಲ್ಲಿ 'ಮೊಳೆಗಳು' ಎಂದು ಬಹುವಚನ ಬಳಸಿದೆ. ಕೈಗಳೆರಡನ್ನೂ ಜೋಡಿಸಿ ಕಂಬಕ್ಕೆ ಜಡಿಯುವುದಾದರೆ ಒಂದು ಮೊಳೆ ಸಾಕಿತ್ತಲ್ಲವೇ ಎಂಬುದು ಅವರ ಪ್ರಶ್ನೆ. ಅದೇ ಶತಮಾನದ ರೋಮನ್ ಚಿಂತಕ ಸೆನೆಕಾ, ಈ ಶಿಕ್ಷೆಯ ಸಾಧನಗಳು ಒಂದೇ ಬಗೆಯವಲ್ಲ ಎಂದು ಬರೆದಿದ್ದಾನೆ. 1968ರಲ್ಲಿ ಜೆರುಸಲೇಮಿನ ಸಮಾಧಿಯೊಂದರಲ್ಲಿ ಮೊಳೆ ನೆಟ್ಟ ಹಿಮ್ಮಡಿಯ ಎಲುಬು ದೊರೆಯಿತು. ಶಿಕ್ಷೆಯ ಕ್ರೌರ್ಯಕ್ಕೆ ಅದು ಸಾಕ್ಷಿಯಾಯಿತು, ಮರದ ಆಕಾರಕ್ಕಲ್ಲ. ನನ್ನ ದೃಷ್ಟಿಯಲ್ಲಿ ಅಡ್ಡತೊಲೆಯ ಪಕ್ಷವೇ ತುಸು ಬಲವಾದುದು.

ನಮಗೂ ಈ ಪದಗಳಿಗೂ ನಂಟಿದೆ. ಕನ್ನಡದ 'ಶಿಲುಬೆ' ಸುರಿಯಾನಿ ಭಾಷೆಯ 'ಸ್ಲೀಬಾ'ದಿಂದ ಬಂದುದು. ಅರಬಿಯ 'ಸಲೀಬ್' ಅದರ ಸೋದರ. ಈಸಾ(ಅ)ರನ್ನು ಶಿಲುಬೆಗೇರಿಸಲಾಗಲಿಲ್ಲ ಎನ್ನುವ ಅನ್ನಿಸಾ ಅಧ್ಯಾಯದ 157ನೆಯ ಸೂಕ್ತದಲ್ಲಿರುವುದು ಇದೇ ಧಾತು. ಫಿರ್‌ಔನನು ಜಾದೂಗಾರರಿಗೆ ಖರ್ಜೂರದ ಕಾಂಡಗಳ ಮೇಲೇರಿಸುವೆನೆಂದು ಬೆದರಿಕೆ ಹಾಕಿದಾಗಲೂ (ತ್ವಾಹಾ: 71) ಇದೇ ಧಾತು. ಖರ್ಜೂರದ ಮರಕ್ಕೆ ಅಡ್ಡತೊಲೆ ಎಲ್ಲಿಯದು? ಪವಿತ್ರ ಕುರ್‌ಆನ್ ನಿರಾಕರಿಸುವುದು ಘಟನೆಯನ್ನೇ ಹೊರತು ಮರದ ಆಕಾರವನ್ನಲ್ಲ. ಆದುದರಿಂದ, "ನೋಡಿ, ಅವರಲ್ಲೇ ಒಮ್ಮತವಿಲ್ಲ" ಎಂದು ವೇದಿಕೆಯಲ್ಲಿ ಗರ್ಜಿಸುವ ನಮ್ಮ ಕೆಲವು ವಾಗ್ಮಿಗಳಿಗೆ ಇಲ್ಲಿ ದಕ್ಕುವುದೇನೂ ಇಲ್ಲ. ಕಂಬ ಎನ್ನುವವರೂ ಯೇಸು ಅದರ ಮೇಲೆ ಮರಣಿಸಿದರೆಂದೇ ನಂಬುತ್ತಾರೆ. (ನಮ್ಮ ಜಗಳಗಳ ಪಟ್ಟಿಯನ್ನು ಅವರು ಓದತೊಡಗಿದರೆ ಸಂಜೆ ಸಾಲದು!)

ಈ ಪುಟ್ಟ ಪಂಗಡದಿಂದ ನಮಗೆ ದಕ್ಕಿದ್ದು ಬೇರೆಯೇ ಇದೆ. ಶಿಲುಬೆಗೆ ನಮಿಸುವುದನ್ನು ವಿಗ್ರಹಾರಾಧನೆಯೆನ್ನುವ ಇವರು, ಅಂತಹದೇ ಕಟ್ಟುನಿಟ್ಟಿನಿಂದ ರಾಷ್ಟ್ರಗೀತೆಯನ್ನೂ ಹಾಡುವುದಿಲ್ಲ. 1985ರಲ್ಲಿ ಕೇರಳದ ಮೂವರು ಮಕ್ಕಳು ಗೌರವದಿಂದ ಎದ್ದು ನಿಂತರೂ ಹಾಡಲಿಲ್ಲವೆಂದು ಶಾಲೆಯಿಂದ ಹೊರಹಾಕಲ್ಪಟ್ಟರು. 1986ರಲ್ಲಿ ಸುಪ್ರೀಂ ಕೋರ್ಟ್ ಅವರನ್ನು ಮರಳಿ ಸೇರಿಸಿಕೊಳ್ಳುವಂತೆ ಆದೇಶಿಸಿತು. ಆ ನಂಬಿಕೆ ನ್ಯಾಯಾಧೀಶರ ಬುದ್ಧಿಗೆ ಒಪ್ಪುವುದೇ ಎಂಬುದಲ್ಲ, ಅದು ಪ್ರಾಮಾಣಿಕವೇ ಎಂಬುದಷ್ಟೇ ಅಲ್ಲಿ ಮುಖ್ಯವಾಯಿತು. 2022ರ ಅಕ್ಟೋಬರ್‌ನಲ್ಲಿ ಕರ್ನಾಟಕದ ಹಿಜಾಬ್ ಪ್ರಕರಣದಲ್ಲಿ ನಮ್ಮ ಹೆಣ್ಣುಮಕ್ಕಳ ಪರವಾಗಿ ಬರೆದ ನ್ಯಾಯಮೂರ್ತಿ ಸುಧಾಂಶು ಧೂಲಿಯಾ ಅವರು ಆಧರಿಸಿದ್ದು ಈ ಮೂವರು ಮಕ್ಕಳ ತೀರ್ಪನ್ನು. ಪೀಠದ ಇನ್ನೊಬ್ಬ ನ್ಯಾಯಮೂರ್ತಿ ಒಪ್ಪದ ಕಾರಣ ಪ್ರಕರಣವನ್ನು ಮುಖ್ಯ ನ್ಯಾಯಮೂರ್ತಿಗಳ ಮುಂದಿಡಲು ಸೂಚಿಸಲಾಯಿತು.