ಒಡೆಯರ ಹಕ್ಕು, ಸರತಿಯ ಕೆಲಸ: ಯುನಿಕ್ಸ್ ಯಂತ್ರಗಳಲ್ಲಿ ಎಚ್‌ಟಿಕಾಂಡರ್ ಅಳವಡಿಕೆ (ಅಧ್ಯಕ್ಷ ಭಾಷಣ)

ಮಾಡಬೇಕಾದ ಗಣನೆಯನ್ನು ಒಂದು ಫೈಲಿನಲ್ಲಿ ಬರೆದು, ಸರತಿಗೆ ಸೇರಿಸಿ, ಎದ್ದು ಹೋಗುವ ಪದ್ಧತಿಗೆ ಬ್ಯಾಚ್ ಗಣನೆ ಎಂದು ಹೆಸರು. ನಡುವೆ ಯಾರನ್ನೂ ಏನೂ ಕೇಳದ ಪ್ರೋಗ್ರಾಂ ತನ್ನ ಸರದಿ ಬಂದಾಗ ಓಡುತ್ತದೆ, ಫಲಿತಾಂಶವನ್ನು ಬರೆದಿಟ್ಟು ಮುಗಿಯುತ್ತದೆ. ಅದನ್ನು ಓಡಿಸಲು ಒಂದರ ಬದಲು ಹತ್ತಾರು ಅಥವಾ ಸಾವಿರಾರು ಯಂತ್ರಗಳಿದ್ದರೆ ಅದು ಹಂಚಿಕೆಯ ಬ್ಯಾಚ್ ಗಣನೆ. ಯುನಿಕ್ಸ್ ಲೋಕದಲ್ಲಿ ಇದಕ್ಕೆ ಹಲವು ತಂತ್ರಾಂಶಗಳು ಬಂದಿವೆ: ನಾಸಾದ ಏಮ್ಸ್ ಕೇಂದ್ರದಲ್ಲಿ ಹುಟ್ಟಿದ ಪಿಬಿಎಸ್, ಟೊರಾಂಟೊ ಮೂಲದ ಎಲ್‌ಎಸ್‌ಎಫ್, ಸನ್ ಕಂಪನಿ ಬೆಳೆಸಿದ ಗ್ರಿಡ್ ಎಂಜಿನ್, ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯದ ಸ್ಲರ್ಮ್. ಇಲ್ಲಿ ವಿವರವಾಗಿ ನೋಡಬೇಕಾದದ್ದು ಎಚ್‌ಟಿಕಾಂಡರ್. ಚದುರಿಹೋಗಿರುವ, ಬೇರೆ ಬೇರೆ ಜನರ ಕೈಯಲ್ಲಿರುವ ಯಂತ್ರಗಳನ್ನು ಒಟ್ಟುಗೂಡಿಸುವ ಕಷ್ಟವನ್ನು ಇದರಷ್ಟು ಆಳವಾಗಿ ಯೋಚಿಸಿದ ತಂತ್ರಾಂಶ ಇನ್ನೊಂದಿಲ್ಲ.

ಇದರ ತವರು ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಮ್ಯಾಡಿಸನ್ ಆವರಣ. 1980ರ ದಶಕದಲ್ಲಿ ಅಲ್ಲಿನ ಅಧ್ಯಾಪಕರ, ವಿದ್ಯಾರ್ಥಿಗಳ ಮೇಜುಗಳಿಗೆ ಯುನಿಕ್ಸ್ ವರ್ಕ್‌ಸ್ಟೇಶನ್‌ಗಳು ಬಂದವು. ಒಂದೊಂದಕ್ಕೂ ಒಬ್ಬೊಬ್ಬ ಒಡೆಯ. ಒಡೆಯ ಊಟಕ್ಕೆ ಎದ್ದರೆ, ಸಂಜೆ ಮನೆಗೆ ಹೊರಟರೆ ಯಂತ್ರ ಸುಮ್ಮನೆ ಕೂತಿರುತ್ತಿತ್ತು. ಪಕ್ಕದ ಕೋಣೆಯವರ ಗಣನೆ ವಾರಗಟ್ಟಲೆ ಬಾಕಿ ಬಿದ್ದಿರುತ್ತಿತ್ತು. ಮೈಕೆಲ್ ಲಿಟ್ಜ್‌ಕೋ, ಮಿರೋನ್ ಲಿವ್ನಿ ಮತ್ತು ಮ್ಯಾಟ್ ಮುಟ್ಕಾ 1988ರಲ್ಲಿ ಪ್ರಕಟಿಸಿದ ಪ್ರಬಂಧವು ಇಂಥ ಬಿಡುವಿನ ಯಂತ್ರಗಳನ್ನು ಹುಡುಕಿ ಕೆಲಸಕ್ಕೆ ಹಚ್ಚುವ ವ್ಯವಸ್ಥೆಯನ್ನು ವಿವರಿಸಿತು. ಅದೇ ಕಾಂಡರ್, 2012ರಲ್ಲಿ ಎಚ್‌ಟಿಕಾಂಡರ್ ಎಂದಾಯಿತು. ಇಂದು ಅದು ಅಪಾಚೆ ಪರವಾನಗಿಯಡಿ ಎಲ್ಲರಿಗೂ ಮುಕ್ತ. ಜಿನೀವಾ ಬಳಿಯ ಸರ್ನ್ ತನ್ನ ಬ್ಯಾಚ್ ಸೇವೆಯನ್ನು ಎಲ್‌ಎಸ್‌ಎಫ್‌ನಿಂದ ಇದಕ್ಕೆ ಬದಲಾಯಿಸಿಕೊಂಡಿತು. ಬೆಂಗಳೂರಿನ ಐಸಿಟಿಎಸ್ ಸಂಶೋಧಕರೂ ಸೇರಿರುವ ಲೈಗೊ ಸಹಯೋಗದಲ್ಲಿ ಗುರುತ್ವ ಅಲೆಗಳ ದತ್ತಾಂಶ ವಿಶ್ಲೇಷಣೆ ಬಹುಮಟ್ಟಿಗೆ ಇದರ ಮೇಲೆಯೇ ನಡೆಯುತ್ತದೆ.

ಹುಟ್ಟಿನ ಈ ಹಿನ್ನೆಲೆ ಅಳವಡಿಕೆಯ ಪ್ರತಿ ಹೆಜ್ಜೆಯಲ್ಲೂ ಕಾಣುತ್ತದೆ. ಪ್ಯಾಕೇಜನ್ನು ಇನ್‌ಸ್ಟಾಲ್ ಮಾಡುವುದು ಅರ್ಧ ಗಂಟೆಯ ಕೆಲಸ. ಯಾವ ಯಂತ್ರ ಯಾವಾಗ ಯಾರಿಗೆ ಸಿಗುತ್ತದೆ, ಒಡೆಯ ಮರಳಿ ಬಂದಾಗ ಏನಾಗುತ್ತದೆ ಎಂಬ ಒಪ್ಪಂದವನ್ನು ಕಾನ್ಫಿಗರೇಶನ್ ಫೈಲಿನಲ್ಲಿ ಬರೆಯುವುದೇ ನಿಜವಾದ ಕೆಲಸ. ಆ ಒಪ್ಪಂದ ಮೊದಲು ಮನುಷ್ಯರ ನಡುವೆ ಆಗಬೇಕು, ಆಮೇಲೆ ಫೈಲಿಗೆ ಇಳಿಯಬೇಕು. ಈ ಕ್ರಮ ತಿರುವುಮುರುವಾದ ಕಡೆ ಒಡೆಯರು ಒಬ್ಬೊಬ್ಬರಾಗಿ ತಮ್ಮ ಯಂತ್ರಗಳನ್ನು ಹಿಂದಕ್ಕೆ ಪಡೆಯುತ್ತಾರೆ, ಯಂತ್ರಗಳ ಗುಂಪು ಬರಿದಾಗುತ್ತದೆ.

ಕಾಂಡರ್ ಅಡಿಯಲ್ಲಿ ಸೇರಿದ ಯಂತ್ರಗಳ ಗುಂಪಿಗೆ ಪೂಲ್ ಎನ್ನುತ್ತಾರೆ. ಅದರಲ್ಲಿ ಮೂರು ಪಾತ್ರಗಳಿವೆ. ಸರತಿಗೆ ಸೇರುವ ಗಣನೆಗಳನ್ನು, ಅಂದರೆ ಜಾಬ್‌ಗಳನ್ನು, ಒಪ್ಪಿಸುವ ಯಂತ್ರದಲ್ಲಿ ಸ್ಕೆಡ್‌ಡಿ ಎಂಬ ಡೀಮನ್ (ಹಿನ್ನೆಲೆಯಲ್ಲಿ ಓಡುತ್ತಲೇ ಇರುವ ಪ್ರೋಗ್ರಾಂ) ಸರತಿಯನ್ನು ಕಾಯುತ್ತದೆ. ಜಾಬ್‌ಗಳನ್ನು ಓಡಿಸುವ ಯಂತ್ರದಲ್ಲಿ ಸ್ಟಾರ್ಟ್‌ಡಿ ಇರುತ್ತದೆ. ಕೇಂದ್ರ ಯಂತ್ರದಲ್ಲಿ ಕಲೆಕ್ಟರ್ ಮತ್ತು ನೆಗೋಶಿಯೇಟರ್ ಎಂಬ ಎರಡು. ಎಲ್ಲ ಕಡೆಯೂ ಮಾಸ್ಟರ್ ಎಂಬ ಮೇಲ್ವಿಚಾರಕ ಡೀಮನ್ ಇದ್ದು, ಉಳಿದವು ಬಿದ್ದರೆ ಮತ್ತೆ ಎಬ್ಬಿಸುತ್ತದೆ. ಯಂತ್ರ ಮತ್ತು ಜಾಬ್ ಎರಡೂ ತಮ್ಮ ತಮ್ಮ ವಿವರವನ್ನು ಕ್ಲಾಸ್‌ಆ್ಯಡ್ ಎಂಬ ರೂಪದಲ್ಲಿ ಪ್ರಕಟಿಸುತ್ತವೆ. ಭಾನುವಾರದ ಪತ್ರಿಕೆಯ ವಧೂವರರ ಜಾಹೀರಾತಿನ ಹಾಗೆ ಪ್ರತಿಯೊಂದರಲ್ಲೂ ಎರಡು ಭಾಗ: ತನ್ನಲ್ಲಿ ಏನಿದೆ, ಎದುರು ಪಕ್ಷದಲ್ಲಿ ಏನಿರಬೇಕು. ಸಾಮಾನ್ಯವಾಗಿ 60 ಸೆಕೆಂಡಿಗೊಮ್ಮೆ ನಡೆಯುವ ಸುತ್ತಿನಲ್ಲಿ ನೆಗೋಶಿಯೇಟರ್ ಇವನ್ನು ತಾಳೆ ನೋಡಿ, ಎರಡೂ ಕಡೆ ಒಪ್ಪಿಗೆಯಾದ ಜೋಡಿಯನ್ನು ಪರಸ್ಪರ ಪರಿಚಯಿಸಿ ಪಕ್ಕಕ್ಕೆ ಸರಿಯುತ್ತದೆ. ಮುಂದಿನದು ಸ್ಕೆಡ್‌ಡಿ ಮತ್ತು ಸ್ಟಾರ್ಟ್‌ಡಿಗಳ ನೇರ ವ್ಯವಹಾರ. ಕೇಂದ್ರ ಯಂತ್ರ ಸ್ವಲ್ಪ ಹೊತ್ತು ನಿಂತುಹೋದರೂ ಓಡುತ್ತಿರುವ ಜಾಬ್‌ಗಳು ಓಡುತ್ತಲೇ ಇರುತ್ತವೆ. ಹೊಸ ಜೋಡಿಗಳು ಮಾತ್ರ ಕೂಡುವುದಿಲ್ಲ.

ಇನ್‌ಸ್ಟಾಲ್ ಮಾಡುವ ಮುನ್ನ ನೋಡಬೇಕಾದ ಸಂಗತಿಗಳಲ್ಲಿ ಮೊದಲನೆಯದು ಯಂತ್ರದ ಹೆಸರು. ಡೆಬಿಯನ್ ಮತ್ತು ಉಬುಂಟು ತಮ್ಮ ಹೋಸ್ಟ್ಸ್ ಫೈಲಿನಲ್ಲಿ ಯಂತ್ರದ ಹೆಸರಿನ ಎದುರು 127.0.1.1 ಎಂಬ ವಿಳಾಸ ಬರೆದಿಡುವುದುಂಟು. ಅದು ಯಂತ್ರ ತನ್ನೊಂದಿಗೆ ತಾನೇ ಮಾತಾಡಿಕೊಳ್ಳುವ ವಿಳಾಸ. ಹೆಸರು ಅಲ್ಲಿಗೆ ಬಿಡಿಸಿಕೊಂಡರೆ ಹೊರಗಿನವರಿಗೆ ತಲುಪಲಾಗದ ವಿಳಾಸವೇ ಪ್ರಕಟವಾಗುವ ಅಪಾಯವಿದೆ. ಎಲ್ಲ ಡೀಮನ್‌ಗಳೂ ಓಡುತ್ತಿರುತ್ತವೆ, ಜಾಬ್ ಮಾತ್ರ ಶುರುವಾಗುವುದಿಲ್ಲ. ಆದ್ದರಿಂದ ಹೆಸರಿನಿಂದ ವಿಳಾಸ, ವಿಳಾಸದಿಂದ ಹೆಸರು ಎರಡೂ ದಿಕ್ಕಿನಲ್ಲಿ ಸರಿಯಾಗಿ ಸಿಗುತ್ತವೆಯೇ ಎಂದು ಪ್ರತಿ ಯಂತ್ರದಲ್ಲೂ ಪರೀಕ್ಷಿಸಬೇಕು. ಒಂದಕ್ಕಿಂತ ಹೆಚ್ಚು ನೆಟ್‌ವರ್ಕ್ ಕಾರ್ಡ್ ಇದ್ದರೆ ಯಾವುದನ್ನು ಬಳಸಬೇಕೆಂದು ನೆಟ್‌ವರ್ಕ್ ಇಂಟರ್‌ಫೇಸ್ ಎಂಬ ಸಾಲಿನಲ್ಲಿ ಹೇಳಿಬಿಡುವುದು ಒಳ್ಳೆಯದು. ಗಡಿಯಾರಗಳು ಎನ್‌ಟಿಪಿ ಮೂಲಕ ಒಂದೇ ಸಮಯ ತೋರಿಸಬೇಕು. ಫೈರ್‌ವಾಲ್‌ನಲ್ಲಿ ಟಿಸಿಪಿ 9618ನೇ ಪೋರ್ಟ್ ತೆರೆದಿರಬೇಕು. ಹಿಂದೆ ಪೋರ್ಟ್‌ಗಳ ದೊಡ್ಡ ಶ್ರೇಣಿಯನ್ನೇ ತೆರೆಯಬೇಕಾಗಿತ್ತು. ಈಗ ಎಲ್ಲ ಡೀಮನ್‌ಗಳೂ ಒಂದೇ ಪೋರ್ಟನ್ನು ಹಂಚಿಕೊಳ್ಳುತ್ತವೆ.

ಡಿಸ್ಕಿನ ವಿಷಯವನ್ನು ಹಲವರು ಕಡೆಗಣಿಸುತ್ತಾರೆ. ಜಾಬ್ ಓಡುವಾಗ ಅದರ ಫೈಲುಗಳು ಇರುವ ಎಕ್ಸಿಕ್ಯೂಟ್ ಡೈರೆಕ್ಟರಿ, ಸರತಿಯ ದಾಖಲೆ ಇರುವ ಸ್ಪೂಲ್ ಡೈರೆಕ್ಟರಿ, ಲಾಗ್ ಡೈರೆಕ್ಟರಿ ಮೂರೂ ಆಯಾ ಯಂತ್ರದ ಸ್ವಂತ ಡಿಸ್ಕಿನಲ್ಲೇ ಇರಬೇಕು. ಅನುಕೂಲವೆಂದು ಇವನ್ನು ನೆಟ್‌ವರ್ಕ್ ಮೂಲಕ ಹಂಚಿಕೊಳ್ಳುವ ಎನ್‌ಎಫ್‌ಎಸ್ ಮೇಲೆ ಇಟ್ಟರೆ, ನೂರು ಜಾಬ್‌ಗಳು ಒಮ್ಮೆಲೇ ಬರೆಯತೊಡಗಿದಾಗ ಫೈಲ್ ಸರ್ವರ್ ಏದುಸಿರು ಬಿಡುತ್ತದೆ. ಹಂಚಿಕೆಯ ಫೈಲ್ ವ್ಯವಸ್ಥೆ ಇಲ್ಲದಿದ್ದರೂ ಪೂಲ್ ನಡೆಯುತ್ತದೆ, ಏಕೆಂದರೆ ಬೇಕಾದ ಫೈಲುಗಳನ್ನು ಕಳಿಸಿ ಫಲಿತಾಂಶವನ್ನು ಮರಳಿ ತರುವ ಹೊಣೆಯನ್ನು ಕಾಂಡರ್ ತಾನೇ ಹೊರುತ್ತದೆ.

ಇನ್‌ಸ್ಟಾಲ್ ಮಾಡಲು ಯೋಜನೆಯವರೇ ಗೆಟ್-ಎಚ್‌ಟಿಕಾಂಡರ್ ಎಂಬ ಸ್ಕ್ರಿಪ್ಟ್ ಕೊಡುತ್ತಾರೆ. ಸುಮ್ಮನೆ ಓಡಿಸಿದರೆ ಅದು ಏನನ್ನೂ ಬದಲಿಸದೆ, ಯಾವ ಆಜ್ಞೆಗಳನ್ನು ನಡೆಸಲಿದ್ದೇನೆ ಎಂದು ತೋರಿಸಿ ನಿಲ್ಲುತ್ತದೆ. ಅದನ್ನು ಓದಿ ನೋಡಿ ಆಮೇಲೆ ನಿಜವಾಗಿ ನಡೆಸಬೇಕು. ಪಾತ್ರವೇ ಹೇಳದಿದ್ದರೆ ಒಂದೇ ಯಂತ್ರದ ಪುಟ್ಟ ಪೂಲ್ ಸಿದ್ಧವಾಗುತ್ತದೆ. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ಇಲ್ಲ. ದೊಡ್ಡ ಪೂಲ್ ಕಟ್ಟುವಾಗ ಮೊದಲು ಕೇಂದ್ರ ಯಂತ್ರ, ನಂತರ ಜಾಬ್ ಒಪ್ಪಿಸುವ ಯಂತ್ರ, ಕೊನೆಗೆ ಓಡಿಸುವ ಯಂತ್ರಗಳು ಎಂಬ ಕ್ರಮ ಹಿಡಿದರೆ ಪ್ರತಿ ಹಂತವನ್ನೂ ಪರೀಕ್ಷಿಸಿ ಮುಂದುವರಿಯಬಹುದು. ಡೀಮನ್‌ಗಳನ್ನು ರೂಟ್ ಆಗಿಯೇ ಶುರುಮಾಡಬೇಕು. ಅವು ದಿನನಿತ್ಯದ ವ್ಯವಹಾರಕ್ಕೆ ಕಾಂಡರ್ ಎಂಬ ಬಳಕೆದಾರನ ಗುರುತಿಗೆ ಇಳಿಯುತ್ತವೆ, ಜಾಬ್ ಓಡಿಸುವಾಗ ಅದರ ಬಳಕೆದಾರನ ಗುರುತು ತಾಳುತ್ತವೆ. ಒಪ್ಪಿಸುವ ಯಂತ್ರ ಮತ್ತು ಓಡಿಸುವ ಯಂತ್ರಗಳ ಯುಐಡಿ ಡೊಮೇನ್ (ಬಳಕೆದಾರರ ಗುರುತುಗಳು ಒಂದೇ ಎಂದು ಸಾರುವ ಹೆಸರು) ಬೇರೆಯಾಗಿದ್ದರೆ ಜಾಬ್ ನೋಬಡಿ ಎಂಬ ಅನಾಮಿಕನ ಹೆಸರಿನಲ್ಲಿ ಓಡುತ್ತದೆ; ಫೈಲ್ ಓದಲು ಅನುಮತಿ ಇಲ್ಲ ಎಂಬ ದೂರುಗಳಲ್ಲಿ ಹಲವು ಇಲ್ಲಿಂದಲೇ ಹುಟ್ಟುತ್ತವೆ.

ಕಾನ್ಫಿಗರೇಶನ್‌ನ ಮುಖ್ಯ ಫೈಲನ್ನು ಮುಟ್ಟದೆ ಹಾಗೇ ಬಿಡಬೇಕು. ಅದರ ಪಕ್ಕದ ಕಾನ್ಫಿಗ್-ಡಿ ಡೈರೆಕ್ಟರಿಯಲ್ಲಿರುವ ಫೈಲುಗಳನ್ನು ಕಾಂಡರ್ ಹೆಸರಿನ ಅಕ್ಷರಕ್ರಮದಲ್ಲಿ ಓದುತ್ತದೆ, ಮತ್ತು ನಂತರ ಓದಿದ್ದೇ ಗೆಲ್ಲುತ್ತದೆ. ಹೀಗಾಗಿ ಎಲ್ಲ ಯಂತ್ರಗಳಿಗೂ ಸಾಮಾನ್ಯವಾದದ್ದನ್ನು 10ರಿಂದ ಶುರುವಾಗುವ ಹೆಸರಿನ ಫೈಲಿನಲ್ಲಿ, ಒಂದು ಯಂತ್ರಕ್ಕೆ ಮಾತ್ರ ಸಲ್ಲುವುದನ್ನು 90ರಿಂದ ಶುರುವಾಗುವ ಫೈಲಿನಲ್ಲಿ ಇಟ್ಟರೆ ಮುಂದೆ ಪ್ಯಾಕೇಜ್ ಅಪ್‌ಗ್ರೇಡ್ ಆದಾಗ ಯಾವುದೂ ಅಳಿಸಿಹೋಗುವುದಿಲ್ಲ. ಒಂದು ಮೌಲ್ಯ ಎಲ್ಲಿಂದ ಬಂತೆಂಬ ಗೊಂದಲ ಎದ್ದಾಗ ಕಾಂಡರ್-ಕಾನ್ಫಿಗ್-ವ್ಯಾಲ್ ಆಜ್ಞೆಗೆ ವರ್ಬೋಸ್ ಆಯ್ಕೆ ಕೊಟ್ಟು ಕೇಳಿದರೆ ಫೈಲಿನ ಹೆಸರನ್ನೂ ಸಾಲಿನ ಸಂಖ್ಯೆಯನ್ನೂ ಹೇಳುತ್ತದೆ. ಬದಲಾವಣೆಗಳಲ್ಲಿ ಬಹುಪಾಲು ಕಾಂಡರ್-ರೀಕಾನ್ಫಿಗ್ ಆಜ್ಞೆಗೆ ಜಾರಿಯಾಗುತ್ತವೆ. ಯಂತ್ರವನ್ನು ಜಾಬ್‌ಗಳಿಗೆ ಹಂಚುವ ಪಾಲುಗಳ, ಅಂದರೆ ಸ್ಲಾಟ್‌ಗಳ, ವಿಂಗಡಣೆಯಂಥ ಕೆಲವಕ್ಕೆ ಮಾತ್ರ ಸ್ಟಾರ್ಟ್‌ಡಿಯನ್ನು ರೀಸ್ಟಾರ್ಟ್ ಮಾಡಲೇಬೇಕು.

ಒಡೆಯರೊಂದಿಗಿನ ಒಪ್ಪಂದ ಇಳಿಯುವುದು ಸ್ಟಾರ್ಟ್, ಸಸ್ಪೆಂಡ್, ಕಂಟಿನ್ಯೂ, ಪ್ರಿಯೆಂಪ್ಟ್, ಕಿಲ್ ಎಂಬ ಐದು ಸೂತ್ರಗಳಲ್ಲಿ. ಗಣನೆಗೆಂದೇ ಮೀಸಲಾದ ಸರ್ವರ್‌ಗಳಿಗೆ ಇವುಗಳ ಚಿಂತೆ ಬೇಡ, ಸದಾ ಓಡಿಸು ಎಂಬ ಸಿದ್ಧ ನೀತಿ ಸಾಕು. ಕಾಲೇಜುಗಳ, ಸಂಶೋಧನಾ ಸಂಸ್ಥೆಗಳ ಲ್ಯಾಬ್ ನೋಡಿಕೊಳ್ಳುತ್ತಾ ಈ ಸಮ್ಮೇಳನಕ್ಕೆ ಬಂದಿರುವವರ ಪರಿಸ್ಥಿತಿ ಬೇರೆ. ಹಗಲು ವಿದ್ಯಾರ್ಥಿಗಳು ಕೂರುವ ಯಂತ್ರಗಳೇ ರಾತ್ರಿಯ ಪೂಲ್ ಆಗಬೇಕು. ಅಲ್ಲಿಗೆ ಡೆಸ್ಕ್‌ಟಾಪ್ ಎಂಬ ಸಿದ್ಧ ನೀತಿ ಇದೆ. ಅದರ ಪ್ರಕಾರ ಕೀಬೋರ್ಡ್ ಮತ್ತು ಮೌಸ್ 15 ನಿಮಿಷ ಅಲುಗದಿದ್ದರೆ, ಯಂತ್ರದ ಮೇಲಿನ ಬೇರೆ ಹೊರೆ 0.3ಕ್ಕಿಂತ ಹೆಚ್ಚಿಲ್ಲದಿದ್ದರೆ ಜಾಬ್ ಶುರುವಾಗುತ್ತದೆ. ಒಡೆಯ ಕೀಲಿ ಒತ್ತಿದ ಕೂಡಲೇ ಜಾಬ್ ಇದ್ದಲ್ಲೇ ನಿಲ್ಲುತ್ತದೆ. ಹತ್ತು ನಿಮಿಷದೊಳಗೆ ಯಂತ್ರ ಮತ್ತೆ ಬಿಡುವಾಗದಿದ್ದರೆ ಜಾಬನ್ನು ಅಲ್ಲಿಂದ ಎಬ್ಬಿಸಿ ಸರತಿಗೆ ಮರಳಿಸಲಾಗುತ್ತದೆ. ಈ ಅಂಕಿಗಳನ್ನು ಲ್ಯಾಬಿನ ವೇಳಾಪಟ್ಟಿಗೆ ತಕ್ಕಂತೆ ಬದಲಿಸಬಹುದು. ಪ್ರಾಯೋಗಿಕ ಪರೀಕ್ಷೆಯ ವಾರದಲ್ಲಿ ಹಗಲು ಯಾವ ಜಾಬನ್ನೂ ಶುರುಮಾಡಬೇಡ ಎಂದು ಸ್ಟಾರ್ಟ್ ಸೂತ್ರಕ್ಕೆ ಗಂಟೆಯ ಷರತ್ತು ಸೇರಿಸುವುದು ಅತ್ಯಗತ್ಯ.

ಇಲ್ಲೊಂದು ಹಳ್ಳವಿದೆ. ಸ್ಟಾರ್ಟ್‌ಡಿ ಕೀಬೋರ್ಡಿನ ಚಲನೆಯನ್ನು ಯುನಿಕ್ಸ್‌ನ ಟರ್ಮಿನಲ್ ಫೈಲುಗಳ ಸಮಯ ನೋಡಿ ಊಹಿಸುತ್ತದೆ. ಎಕ್ಸ್ ವಿಂಡೋ ಪರದೆಯ ಮುಂದೆ ಯುಎಸ್‌ಬಿ ಕೀಬೋರ್ಡ್ ಹಿಡಿದು ಕೂತವರ ಚಲನೆ ಆ ಫೈಲುಗಳಲ್ಲಿ ದಾಖಲಾಗದೆ ಹೋಗುತ್ತದೆ. ವಿದ್ಯಾರ್ಥಿ ಭರದಿಂದ ಟೈಪ್ ಮಾಡುತ್ತಿದ್ದರೂ ಯಂತ್ರ ಬಿಡುವಾಗಿದೆ ಎಂದೇ ಕಾಂಡರ್ ತಿಳಿದು ಜಾಬ್ ತಂದು ಹಾಕುತ್ತದೆ. ಇದನ್ನು ತಪ್ಪಿಸಲು ಕೆಬಿಡಿಡಿ ಎಂಬ ಪ್ರತ್ಯೇಕ ಡೀಮನ್ ಇದೆ. ಡೆಸ್ಕ್‌ಟಾಪ್ ಪೂಲ್‌ಗಳಲ್ಲಿ ಡೀಮನ್ ಪಟ್ಟಿಗೆ ಅದನ್ನು ಸೇರಿಸಿ, ಒಂದು ಯಂತ್ರದ ಮುಂದೆ ಕೂತು ಟೈಪ್ ಮಾಡುತ್ತಾ ಇನ್ನೊಂದರಿಂದ ಅದರ ಕೀಬೋರ್ಡ್ ಐಡಲ್ ಅಂಕಿ ಇಳಿಯುತ್ತದೆಯೇ ಎಂದು ಕಣ್ಣಾರೆ ನೋಡದೆ ಪೂಲನ್ನು ಬಳಕೆಗೆ ಬಿಡಬಾರದು.

ಈಚಿನ ಆವೃತ್ತಿಗಳಲ್ಲಿ ಯಂತ್ರದ ಸಂಪನ್ಮೂಲವೆಲ್ಲ ಒಂದೇ ದೊಡ್ಡ ಸ್ಲಾಟ್ ಆಗಿರುತ್ತದೆ. ಜಾಬ್ ಕೇಳಿದಷ್ಟನ್ನು ಅದರಿಂದ ಕತ್ತರಿಸಿ ಕೊಡಲಾಗುತ್ತದೆ. ಆದ್ದರಿಂದ ಜಾಬಿನ ವಿವರಣೆಯಲ್ಲಿ ಎಷ್ಟು ಕೋರ್, ಎಷ್ಟು ಮೆಮೊರಿ, ಎಷ್ಟು ಡಿಸ್ಕ್ ಎಂದು ನಿಜ ಹೇಳುವುದು ಬಳಕೆದಾರರ ಕರ್ತವ್ಯ. 16 ಕೋರ್, 64 ಜಿಬಿ ಮೆಮೊರಿಯ ಯಂತ್ರದಲ್ಲಿ 2 ಜಿಬಿ ಸಾಕಾಗುವ ಒಂಟಿ ಕೋರಿನ ಜಾಬ್‌ಗಳು ಇರಲಿ ಎಂದು 8 ಜಿಬಿ ಕೇಳಿದರೆ ಎಂಟಕ್ಕಿಂತ ಹೆಚ್ಚು ಜಾಬ್ ಹಿಡಿಸುವುದಿಲ್ಲ, ಉಳಿದ ಎಂಟು ಕೋರ್ ವ್ಯರ್ಥ. ಕಡಿಮೆ ಕೇಳಿ ಹೆಚ್ಚು ಬಳಸಿದವರ ಜಾಬನ್ನು ಲಿನಕ್ಸ್‌ನ ಸಿಗ್ರೂಪ್ ವ್ಯವಸ್ಥೆ ತಡೆಯುತ್ತದೆ, ಕಾಂಡರ್ ಅದನ್ನು ಹೋಲ್ಡ್ ಸ್ಥಿತಿಗೆ ತಳ್ಳಿ ಕಾರಣ ಬರೆದಿಡುತ್ತದೆ.

ಭದ್ರತೆಯ ವಿಷಯದಲ್ಲಿ ಹಳೆಯ ಕೈಪಿಡಿಗಳನ್ನು ನಂಬುವಂತಿಲ್ಲ. ಒಂದು ಕಾಲದಲ್ಲಿ ಯಾವ ವಿಳಾಸದಿಂದ ಬಂದವರನ್ನು ಒಳಬಿಡಬೇಕು ಎಂಬ ಪಟ್ಟಿಯೇ ಭದ್ರತೆಯಾಗಿತ್ತು. ಆ ಪಟ್ಟಿಯಲ್ಲಿ ಯಾರು ಬೇಕಾದರೂ ಬರಲಿ ಎಂಬ ನಕ್ಷತ್ರ ಚಿಹ್ನೆ ಹಾಕಿ ಬಿಟ್ಟವರೂ ಇದ್ದರು. ಇಡೀ ಪೂಲಿನ ಮೇಲೆ ಅಪರಿಚಿತರು ಪ್ರೋಗ್ರಾಂ ಓಡಿಸಲು ಅಷ್ಟು ಸಾಕಿತ್ತು. 2021ರಲ್ಲಿ ಬಂದ 9.0 ಆವೃತ್ತಿಯಿಂದ ದೃಢೀಕರಣ ಇನ್‌ಸ್ಟಾಲ್ ಆದ ಕ್ಷಣದಿಂದಲೇ ಜಾರಿಯಲ್ಲಿರುತ್ತದೆ. ಕೇಂದ್ರ ಯಂತ್ರ ತನ್ನ ಗುಪ್ತ ಕೀಲಿಯಿಂದ ಸಹಿ ಮಾಡಿದ ಟೋಕನ್‌ಗಳನ್ನು ಉಳಿದ ಯಂತ್ರಗಳು ತೋರಿಸಬೇಕು. ಹೊಸ ಯಂತ್ರ ಟೋಕನ್ ಕೋರಿದಾಗ ಆಡಳಿತಗಾರ ಕೋರಿಕೆಯ ಸಂಖ್ಯೆಯನ್ನು ತಾಳೆ ನೋಡಿ ಒಪ್ಪಿಗೆ ಕೊಡುತ್ತಾನೆ. ಸಹಿಯ ಕೀಲಿ ಇರುವ ಫೈಲು ರೂಟ್ ಹೊರತು ಯಾರಿಗೂ ಓದಲು ಸಿಗಬಾರದು, ಬ್ಯಾಕಪ್ ಪ್ರತಿಯಲ್ಲೂ ಅಷ್ಟೇ.

ಎಲ್ಲ ಎದ್ದು ನಿಂತ ಮೇಲೆ ಮೊದಲ ಪರೀಕ್ಷೆ ಕಾಂಡರ್-ಸ್ಟೇಟಸ್. ಪೂಲಿನ ಯಂತ್ರಗಳ ಪಟ್ಟಿ ಕಾಣಬೇಕು. ಯಂತ್ರಗಳು ಸಾಮಾನ್ಯವಾಗಿ ಐದು ನಿಮಿಷಕ್ಕೊಮ್ಮೆ ತಮ್ಮ ವಿವರ ಕಳಿಸುತ್ತವೆ, ಕಲೆಕ್ಟರ್ ಅದನ್ನು 15 ನಿಮಿಷ ಇಟ್ಟುಕೊಳ್ಳುತ್ತದೆ. ಥಟ್ಟನೆ ಕರೆಂಟ್ ಹೋದ ಯಂತ್ರ ಅಷ್ಟು ಹೊತ್ತು ಪಟ್ಟಿಯಲ್ಲಿ ಉಳಿದರೆ ಗಾಬರಿಯಾಗಬೇಕಿಲ್ಲ. ಮೊದಲ ಜಾಬ್ ತೀರಾ ಸರಳವಾಗಿರಲಿ: ತಾನಿರುವ ಯಂತ್ರದ ಹೆಸರು ಹೇಳಿ ಒಂದು ನಿಮಿಷ ಮಲಗುವ ಸ್ಕ್ರಿಪ್ಟ್. ಅದನ್ನೇ ನೂರು ಪ್ರತಿ ಸರತಿಗೆ ಹಾಕಿದರೆ ಯಾವ ಯಂತ್ರಗಳಿಗೆ ಕೆಲಸ ತಲುಪುತ್ತಿದೆ, ಯಾವುದಕ್ಕೆ ಇಲ್ಲ ಎಂಬುದು ಬಯಲಾಗುತ್ತದೆ.

ಜಾಬ್ ಕಾಯುತ್ತಲೇ ಕೂತರೆ ಕಾಂಡರ್-ಕ್ಯೂ ಆಜ್ಞೆಯ ಬೆಟರ್-ಅನಲೈಸ್ ಆಯ್ಕೆ ಪ್ರತಿ ಷರತ್ತಿಗೂ ಎಷ್ಟು ಸ್ಲಾಟ್ ಒಪ್ಪಿದವು ಎಂದು ಬಿಡಿಸಿ ತೋರಿಸುತ್ತದೆ. ಸೊನ್ನೆ ಕಂಡ ಸಾಲೇ ದೋಷದ ಜಾಗ. ಅಲ್ಲಿಯೂ ಸಿಗದಿದ್ದರೆ ಲಾಗ್‌ಗಳನ್ನು ಜಾಬ್ ಸಾಗುವ ದಾರಿಯಲ್ಲೇ ಓದಬೇಕು: ಸ್ಕೆಡ್ ಲಾಗ್, ನೆಗೋಶಿಯೇಟರ್ ಲಾಗ್, ಓಡುತ್ತಿರುವ ಜಾಬನ್ನು ಒಪ್ಪಿಸಿದ ಕಡೆಯಿಂದ ನೋಡಿಕೊಳ್ಳುವ ಶ್ಯಾಡೋದ ಲಾಗ್, ಆಮೇಲೆ ಓಡಿಸುವ ಯಂತ್ರದ ಸ್ಟಾರ್ಟ್ ಲಾಗ್ ಮತ್ತು ಅಲ್ಲಿ ಜಾಬನ್ನು ಶುರುಮಾಡುವ ಸ್ಟಾರ್ಟರ್‌ನ ಲಾಗ್. ಸಿಕ್ಕಸಿಕ್ಕ ಲಾಗ್ ತೆರೆಯುವವರು ಇಡೀ ದಿನ ಕಳೆದುಕೊಳ್ಳುತ್ತಾರೆ.

ಬಳಕೆದಾರರು ಹೆಚ್ಚಿದಂತೆ ಯಾರಿಗೆ ಮೊದಲು ಎಂಬ ಜಗಳ ಏಳುತ್ತದೆ. ಇದಕ್ಕೆ ಕಾಂಡರ್‌ನ ಪರಿಹಾರ ನ್ಯಾಯವಾದದ್ದು. ಒಬ್ಬರು ಪೂಲನ್ನು ಬಳಸಿದಷ್ಟೂ ಅವರ ಆದ್ಯತೆಯ ಅಂಕಿ ಏರುತ್ತದೆ, ಅಂಕಿ ಏರಿದಷ್ಟೂ ಸರದಿ ಹಿಂದಕ್ಕೆ ಸರಿಯುತ್ತದೆ. ಬಳಕೆ ನಿಲ್ಲಿಸಿದರೆ ಅದು ದಿನಕ್ಕೆ ಅರ್ಧದಂತೆ ಕರಗುತ್ತದೆ. ಮೊದಲ ತಿಂಗಳು ಈ ಮೂಲ ವ್ಯವಸ್ಥೆಯನ್ನು ಹಾಗೇ ಬಿಟ್ಟು, ನಿಜವಾದ ಬಳಕೆ ನೋಡಿದ ಮೇಲೆಯೇ ವಿಭಾಗವಾರು ಪಾಲುಗಳ ಮಾತು ಎತ್ತುವುದು ಸೂಕ್ತ.

ಅಪ್‌ಗ್ರೇಡ್ ಮಾಡುವಾಗ ಆವೃತ್ತಿಯ ಸಂಖ್ಯೆಯನ್ನು ಗಮನಿಸಬೇಕು. 2023ರಿಂದ ಅದರಲ್ಲಿ ವರ್ಷವೇ ಇರುತ್ತದೆ. 23.0ರಂತೆ ಸೊನ್ನೆಯಲ್ಲಿ ಮುಗಿಯುವ ಸರಣಿ ದೀರ್ಘಕಾಲದ ಬೆಂಬಲದ್ದು, ಲ್ಯಾಬ್‌ಗಳಿಗೆ ಅದೇ ಸರಿ. ಯಂತ್ರವೊಂದನ್ನು ದುರಸ್ತಿಗೆ ತೆಗೆಯುವಾಗ ಕಾಂಡರ್-ಆಫ್ ಆಜ್ಞೆಗೆ ಪೀಸ್‌ಫುಲ್ ಆಯ್ಕೆ ಕೊಟ್ಟರೆ ಅದು ಹೊಸ ಜಾಬ್ ಒಪ್ಪಿಕೊಳ್ಳುವುದನ್ನು ನಿಲ್ಲಿಸಿ, ಓಡುತ್ತಿರುವುದು ಮುಗಿದ ಮೇಲೆ ತಾನೂ ನಿಲ್ಲುತ್ತದೆ. ಮೂರು ದಿನದಿಂದ ಓಡುತ್ತಿರುವ ಜಾಬಿನ ಒಡೆಯರಿಗೆ ಈ ಒಂದು ಆಯ್ಕೆಯಿಂದ ಮೂರು ದಿನದ ಗಣನೆ ಉಳಿಯುತ್ತದೆ.