ಗೆಂಡೆ ಮೀನಿನ ಬಿತ್ತನೆ: ಹೊಳೆಯಿಂದ ಮರಿ ಉತ್ಪಾದನಾ ಕೇಂದ್ರಕ್ಕೆ

ಕಾಟ್ಲಾ, ರೋಹು, ಮೃಗಾಲ್ ಈ ಮೂರು ಗೆಂಡೆ ಮೀನುಗಳನ್ನು ಭಾರತದ ಕೆರೆಗಳಲ್ಲಿ ಬಹುಕಾಲದಿಂದ ಸಾಕಲಾಗುತ್ತಿದೆ. ಕೆರೆಯಲ್ಲಿ ಅವು ಚೆನ್ನಾಗಿ ಬಲಿಯುತ್ತವೆ, ಹೊಟ್ಟೆಯಲ್ಲಿ ಮೊಟ್ಟೆ ತುಂಬಿಕೊಳ್ಳುತ್ತವೆ. ಆದರೆ ನಿಂತ ನೀರಿನಲ್ಲಿ ಮೊಟ್ಟೆ ಇಡುವುದಿಲ್ಲ. ಮುಂಗಾರಿನಲ್ಲಿ ಹೊಳೆ ಉಕ್ಕಿ ಹೊಸನೀರು ತಗ್ಗಿನ ಬಯಲಿಗೆ ಹರಿದಾಗಲೇ ಅವು ಮರಿ ಮಾಡುವ ಕಾಲ. ಆದ್ದರಿಂದ ಸಾಕುವವರು ಬಿತ್ತನೆಗೆ, ಅಂದರೆ ಕೆರೆಗೆ ಬಿಡುವ ಮರಿಗಳಿಗೆ, ಹೊಳೆಯನ್ನೇ ನಂಬಿದ್ದರು. ಗಂಗೆ, ಬ್ರಹ್ಮಪುತ್ರಗಳ ಪ್ರವಾಹಕ್ಕೆ ಸಣ್ಣ ಕಣ್ಣಿನ ಬಲೆ ಒಡ್ಡಿ ಮರಿ ಹಿಡಿಯುತ್ತಿದ್ದರು. ಬಲೆಗೆ ಬಿದ್ದದ್ದರಲ್ಲಿ ಬೇಡದ ಮೀನು, ಮರಿಗಳನ್ನೇ ತಿನ್ನುವ ಮೀನು ಎಲ್ಲವೂ ಬೆರೆತಿರುತ್ತಿದ್ದವು. ಮಳೆ ಕೈಕೊಟ್ಟ ವರ್ಷ ಬಿತ್ತನೆಗೂ ಬರ.

ಈ ಕಟ್ಟು ಸಡಿಲಿಸುವ ಸುಳಿವು ಸಿಕ್ಕಿದ್ದು ದಕ್ಷಿಣ ಅಮೆರಿಕದಲ್ಲಿ. ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚಿದರೆ ಮೀನು ಬೇಗ ಮರಿ ಹಾಕುತ್ತದೆಂದು ಅರ್ಜೆಂಟೀನಾದ ವಿಜ್ಞಾನಿ ಬರ್ನಾರ್ಡೊ ಹೌಸ್ಸೆ 1930ರಲ್ಲಿ ತೋರಿಸಿದರು. ಬ್ರೆಜಿಲ್‌ನ ವಿಜ್ಞಾನಿಗಳು ಅದನ್ನು ಮೀನಿನ ಸಂತಾನೋತ್ಪತ್ತಿಗೆ ಬಳಸಿಕೊಂಡರು. ಭಾರತದ ಗೆಂಡೆಗಳ ಮೇಲೆ ಈ ವಿಧಾನ ಫಲಿಸಿದ್ದು 1957ರ ಜುಲೈ 10ರಂದು, ಒಡಿಶಾದ ಅಂಗುಲ್‌ನಲ್ಲಿ. ವಿಜ್ಞಾನಿಗಳಾದ ಹೀರಾಲಾಲ್ ಚೌಧುರಿ ಮತ್ತು ಕೆ. ಎಚ್. ಅಲಿಕುಂಞಿ ಅವರ ಈ ಸಾಧನೆಯ ನೆನಪಿಗೆ ಆ ದಿನವನ್ನು ಈಗ ರಾಷ್ಟ್ರೀಯ ಮೀನು ಕೃಷಿಕರ ದಿನವೆಂದು ಆಚರಿಸುತ್ತಾರೆ.

ಕೆಲಸ ನಡೆಯುವ ಬಗೆ ಸರಳ, ಆದರೆ ಕೈ ನುರಿತಿರಬೇಕು. ಬಲಿತ ಗೆಂಡೆಯ ತಲೆಯಿಂದ ಗ್ರಂಥಿಯನ್ನು ತೆಗೆದು ಆಲ್ಕೋಹಾಲಿನಲ್ಲಿ ಇಟ್ಟಿರುತ್ತಾರೆ. ಬೇಕಾದಾಗ ಅರೆದು, ತಿಳಿಯಾದ ಸಾರವನ್ನು ಹೆಣ್ಣಿಗೆ ಸಾಮಾನ್ಯವಾಗಿ ಎರಡು ಸಲ, ಗಂಡಿಗೆ ಒಂದು ಸಲ ಚುಚ್ಚುತ್ತಾರೆ. ಜೋಡಿಯನ್ನು ನೀರಿನಲ್ಲಿ ಕಟ್ಟಿದ ಹಾಪಾ ಎಂಬ ಬಟ್ಟೆಯ ತೊಟ್ಟಿಗೆ ಬಿಟ್ಟರೆ ಬೆಳಗಾಗುವುದರೊಳಗೆ ಮೊಟ್ಟೆ ಸಿದ್ಧ. ಪ್ರವಾಹ ಕೊಡಬೇಕಿದ್ದ ಸೂಚನೆಯನ್ನು ಇಲ್ಲಿ ಸೂಜಿ ಕೊಡುತ್ತದೆ. ಮುಂದೆ ಗ್ರಂಥಿಯ ಬದಲು ಓವಾಪ್ರಿಮ್‌ನಂಥ ಸಿದ್ಧ ಔಷಧಿ ಬಂತು. ಒಂದೇ ಚುಚ್ಚುಮದ್ದು ಸಾಕಾಯಿತು. ನೀರು ಸುತ್ತುತ್ತಲೇ ಇರುವ ಚೀನೀ ಮಾದರಿಯ ದುಂಡು ತೊಟ್ಟಿಗಳಿಂದ ಮರಿಗಳ ಸಂಖ್ಯೆ ಬಹಳ ಏರಿತು.

ಬಿತ್ತನೆ ಕೈಗೆಟುಕಿದ್ದರಿಂದಲೇ ಮಿಶ್ರ ಸಾಕಣೆ ಸಾಧ್ಯವಾಯಿತು. ಮೇಲ್ಪದರದ ಕಾಟ್ಲಾ, ನಡುನೀರಿನ ರೋಹು, ತಳದ ಮೃಗಾಲ್‌ಗಳ ಜತೆಗೆ 1959ರಲ್ಲಿ ಭಾರತಕ್ಕೆ ಬಂದ ಬೆಳ್ಳಿಗೆಂಡೆ, ಹುಲ್ಲುಗೆಂಡೆಗಳೂ ಸೇರಿದವು. ಒಂದರ ಮೇವಿಗೆ ಇನ್ನೊಂದು ಹೆಚ್ಚು ಬಾಯಿ ಹಾಕದಿರುವುದರಿಂದ ಅದೇ ಕೆರೆ ಹೆಚ್ಚು ಮೀನು ಕೊಡುತ್ತದೆ.

ಆದರೆ ಹೊಳೆಯ ಹಂಗು ತೀರಿದ ಮೇಲೆ ಬೇರೊಂದು ಕೊರತೆ ತಲೆದೋರಿತು. ಈ ಇತಿಹಾಸದಲ್ಲಿ ಹೆಚ್ಚು ಗಮನ ಸಲ್ಲಬೇಕಾದ ಭಾಗವೂ ಇದೇ. ಒಂದು ಹೆಣ್ಣು ಮೀನು ಲಕ್ಷಗಟ್ಟಲೆ ಮೊಟ್ಟೆ ಇಡುವುದರಿಂದ ಮರಿ ಉತ್ಪಾದನಾ ಕೇಂದ್ರಗಳಿಗೆ ಕೆಲವೇ ತಾಯಿಮೀನುಗಳು ಸಾಕಾಗುತ್ತಿದ್ದವು; ಅವುಗಳ ಮರಿಗಳಲ್ಲೇ ಮುಂದಿನ ತಾಯಿಮೀನುಗಳನ್ನು ಆರಿಸುತ್ತಿದ್ದರು. ಸಂಶೋಧಕರಾದ ಏಕನಾಥ್ ಮತ್ತು ಡಾಯ್ಲ್ ಕರ್ನಾಟಕದ ಕೇಂದ್ರಗಳನ್ನೇ ಅಧ್ಯಯನ ಮಾಡಿ 1990ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ರಕ್ತಸಂಬಂಧದ ಕೂಡಿಕೆ ವರ್ಷಕ್ಕೆ ಶೇ. 2ರಿಂದ 17ರಷ್ಟು ಏರುತ್ತಿತ್ತು. ಇಂಥ ಬಿತ್ತನೆಯಲ್ಲಿ ಬೆಳವಣಿಗೆ ಕುಗ್ಗುತ್ತದೆ, ವಿಕಾರದ ಮರಿಗಳು ಹೆಚ್ಚುತ್ತವೆ. ನಷ್ಟ ಕೊನೆಗೆ ಕೆರೆ ಹಿಡಿದ ರೈತನಿಗೇ.

ಮದ್ದು ಹುಡುಕಲು ವಿಜ್ಞಾನ ಮತ್ತೆ ಹೊಳೆಗೇ ಹೋಗಬೇಕಾಯಿತು. ಭುವನೇಶ್ವರದ ಬಳಿಯ ಕೇಂದ್ರೀಯ ಸಿಹಿನೀರು ಜಲಕೃಷಿ ಸಂಸ್ಥೆ ನಾರ್ವೆಯ ತಜ್ಞರೊಂದಿಗೆ 1992ರಲ್ಲಿ ರೋಹುವಿನ ಆಯ್ದ ತಳಿವರ್ಧನೆ ಆರಂಭಿಸಿತು. ಗಂಗೆ, ಯಮುನೆ, ಗೋಮತಿ, ಬ್ರಹ್ಮಪುತ್ರ, ಸಟ್ಲೆಜ್‌ಗಳ ಮೀನುಗಳನ್ನು ಕೂಡಿಸಿ, ಚೆನ್ನಾಗಿ ಬೆಳೆದ ಕುಟುಂಬಗಳನ್ನು ಪ್ರತಿ ತಲೆಮಾರಿನಲ್ಲೂ ಆರಿಸಿ ಪಡೆದ ತಳಿಗೆ ಸ್ವಾತಂತ್ರ್ಯದ ಸುವರ್ಣ ವರ್ಷದಲ್ಲಿ ಜಯಂತಿ ಎಂದು ಹೆಸರಿಟ್ಟರು. ಅದರ ಬೆಳವಣಿಗೆ ತಲೆಮಾರಿಗೆ ಸರಾಸರಿ ಶೇ. 17ರಷ್ಟು ಹೆಚ್ಚಿತು. ಕೆರೆಗಳಲ್ಲಿ ಸಾಕುವ ಇನ್ನೊಂದು ಮೀನಾದ ಸಾಮಾನ್ಯ ಗೆಂಡೆಯದು ಬೇರೆ ತೊಡಕು: ಅದು ಎಳೆಯದರಲ್ಲೇ ಮೊಟ್ಟೆಗಟ್ಟಿ ಮೈ ಬೆಳೆಸದೆ ಉಳಿಯುತ್ತದೆ. ಅದರದೇ ತಡವಾಗಿ ಬಲಿಯುವ ಅಮೂರ್ ತಳಿಯನ್ನು ಹಂಗೇರಿಯಿಂದ ತರಿಸಿ ಬೆಂಗಳೂರಿನ ಮೀನುಗಾರಿಕೆ ಸಂಶೋಧನಾ ಕೇಂದ್ರದಲ್ಲಿ ಅಭಿವೃದ್ಧಿಪಡಿಸಿದ್ದು ಇದಕ್ಕಾಗಿಯೇ.

ರಕ್ತಸಂಬಂಧದ ಕೂಡಿಕೆ ತಗ್ಗಿಸಲು ಗಂಡು ಮೀನಿನ ವೀರ್ಯವನ್ನು ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಕಾಪಿಡುವ ವಿಧಾನವೂ ಈಗ ಬಳಕೆಗೆ ಬಂದಿದೆ. ಇದರಿಂದ ದೂರದ ಹೊಳೆಯ ಮೀನಿನ ಗುಣವನ್ನು, ಆ ಮೀನನ್ನೇ ಸಾಗಿಸದೆ, ಯಾವುದೇ ಕೇಂದ್ರದ ತಾಯಿಮೀನಿನ ಮೊಟ್ಟೆಗೆ ಬೆರೆಸಬಹುದು.